ಎಲೆ ಕೊಟ್ಟು ಬಾಯಿ ನೋಡುವಾಕೆ

ಸವಣೂರಿನ ಹೊರಗಿನ ವೀಳ್ಯದೆಲೆ ತೋಟದಲ್ಲಿ ಇನ್ನೂ ಮಬ್ಬುಗತ್ತಲೆ. ಬಳ್ಳಿ ಹಬ್ಬಿದ ಚೊಗಚೆ ಮರಕ್ಕೆ ಏಣಿ ಹಚ್ಚಿ ಕರಬಸಪ್ಪ ಎಲೆ ಕೀಳುತ್ತಿದ್ದಾನೆ. ಹೆಬ್ಬೆರಳಿಗೆ ಸಿಕ್ಕಿಸಿಕೊಂಡ ತಗಡಿನ ಉಗುರು ದೇಟಿಗೆ ತಾಗಿದಾಗಲೆಲ್ಲ ಚಿಟ್ ಚಿಟ್ ಎನ್ನುತ್ತದೆ. ಕೆಳಗೆ ಅವನ ಹೆಂಡತಿ ತಿಪ್ಪವ್ವ ಬರಿಗಾಲಲ್ಲಿ ಕುಳಿತು, ಕಿತ್ತ ಎಲೆಯನ್ನು ತೊಡೆಯ ಮೇಲೆ ಒಂದರ ಮೇಲೊಂದು ಹೊಂದಿಸುತ್ತಾಳೆ. ಹರಿದದ್ದು, ಹುಳ ತಿಂದದ್ದು ಅತ್ತ. ಮಾಗಿ ಬೆಳ್ಳಗಾದದ್ದು ಇತ್ತ. ನೂರಾದರೆ ಬಾಳೆನಾರಿನಿಂದ ಒಂದು ಕಟ್ಟು. ಗಂಡಹೆಂಡಿರ ನಡುವೆ ಮಾತು ಕಡಿಮೆ. ಜಗಳವಾಗಿದೆ ಎಂದಲ್ಲ, ಮಾತು ಶುರುವಾದರೆ ಎಲ್ಲಿಗೆ ಹೋಗಿ ನಿಲ್ಲುತ್ತದೋ ಎಂಬ ಅಂಜಿಕೆ ಇಬ್ಬರಿಗೂ ಇದೆ.

ಬಿಸಿಲು ಏರುವುದರೊಳಗೆ ತಿಪ್ಪವ್ವನ ಬುಟ್ಟಿ ತಲೆಯ ಮೇಲಿರುತ್ತದೆ. ಇಂದು ಹಾನಗಲ್ಲಾದರೆ ಇನ್ನೊಂದು ದಿನ ಶಿಗ್ಗಾಂವಿ, ಮತ್ತೊಂದು ದಿನ ಹಿರೇಕೆರೂರು, ಕಡೆಗೆ ಊರಿನದೇ ಸಂತೆ. ಬಸ್ಸು ಸಿಕ್ಕರೆ ಬಸ್ಸು, ಇಲ್ಲವಾದರೆ ಹತ್ತಿಯ ಗಾಡಿಯ ಹಿಂಬದಿ, ಅದೂ ಇಲ್ಲವಾದರೆ ಕಾಲು ಇದ್ದೇ ಇವೆ. ಸವಣೂರ ಎಲೆಗೆ ನಾಲ್ಕು ತಾಲೂಕಿನಲ್ಲಿ ಹೆಸರಿದೆ. ಹೊತ್ತು ತರುವವಳ ಹೆಸರು ಕೇಳಿದವರು ಕಡಿಮೆ. ಆದರೆ ಅವಳ ಒಂದು ಚಾಳಿ ಎಲ್ಲರಿಗೂ ಗೊತ್ತು. ಗಿರಾಕಿ ದರ ಕೇಳುವ ಮೊದಲೇ ಒಂದು ಎಲೆಗೆ ಸುಣ್ಣ ಸವರಿ, ಅಡಿಕೆಯಿಟ್ಟು ಮಡಿಸಿ ಕೈಗೆ ಕೊಡುತ್ತಾಳೆ. "ಹಿಡೀರಿ, ಮೊದಲ ಬಾಯಿ ಕೆಂಪ ಮಾಡ್ಕೋರಿ. ಚೌಕಾಶಿ ಆಮ್ಯಾಲೆ ಮಾಡೂಣು."

ವ್ಯಾಪಾರದ ಜಾಣತನ ಎಂದು ಜನ ನಗುತ್ತಾರೆ. ಪುಕ್ಕಟೆ ಸಿಕ್ಕಿದ್ದನ್ನು ಅಗಿಯುತ್ತಾ ಅವಳನ್ನೇ ಚುಡಾಯಿಸುತ್ತಾರೆ. ಅವರು ಅಗಿಯುವಷ್ಟು ಹೊತ್ತೂ ತಿಪ್ಪವ್ವ ಅವರ ತುಟಿಯಿಂದ ಕಣ್ಣು ಕೀಳುವುದಿಲ್ಲ ಎಂಬುದನ್ನು ಗಮನಿಸಿದವರು ಕಡಿಮೆ. ಅವಳು ಗಿರಾಕಿಯನ್ನು ಹುಡುಕುತ್ತಿಲ್ಲ. ಒಂಬತ್ತು ವರ್ಷದಿಂದ ಹುಡುಕುತ್ತಿರುವುದು ತಮ್ಮನನ್ನು ಕೊಂದವನನ್ನು.

ಅದು ಐವತ್ತೇಳನೆಯ ಇಸವಿ, ನಾಗರಪಂಚಮಿಯ ಹಿಂದಿನ ದಿನ. ಹಿರೇಬೆಂಡಿಗೇರಿಯ ತವರಿನಿಂದ ತಮ್ಮ ಮಾಳಪ್ಪ ಅಕ್ಕನನ್ನು ಹಬ್ಬಕ್ಕೆ ಕರೆಯಲು ಬಂದಿದ್ದ. ತೋಟದಲ್ಲಿ ಎಲೆ ಹಣ್ಣಾಗಿ ಉದುರುತ್ತಿದೆ, ಈ ವರ್ಷ ಕಳಿಸುವುದಿಲ್ಲ ಎಂದ ಕರಬಸಪ್ಪ. ಪಂಚಮಿಗೆ ಅಕ್ಕನನ್ನು ಬಿಟ್ಟು ಬರಿಗೈಯಲ್ಲಿ ಊರಿಗೆ ಹೇಗೆ ಹೋಗಲಿ ಎಂದ ಮಾಳಪ್ಪ. ಮಾತಿಗೆ ಮಾತು ಬೆಳೆಯಿತು. ತಿಪ್ಪವ್ವ ತಮ್ಮನ ಮುಂದೆ ಎಲೆ ಅಡಿಕೆಯ ತಾಟು ಇಟ್ಟಳು. ಅವನು ಮುಟ್ಟದೆ ಎದ್ದುಹೋದ. ಈ ಸೀಮೆಯಲ್ಲಿ ಅದು ಸಣ್ಣ ಮಾತಲ್ಲ. ಎಲೆ ಮುಟ್ಟದೆ ಎದ್ದರೆ ಸಂಬಂಧ ಹರಿದಂತೆಯೇ.

ಮರುದಿನ ಬೆಳಿಗ್ಗೆ ಶಿಗ್ಗಾಂವಿ ದಾರಿಯ ಹಳ್ಳದ ದಂಡೆಯಲ್ಲಿ ಮಾಳಪ್ಪನ ಹೆಣ ಸಿಕ್ಕಿತು. ತಲೆಯ ಹಿಂಭಾಗಕ್ಕೆ ಪೆಟ್ಟು ಬಿದ್ದಿತ್ತು. ಕಿಸೆಯ ರೊಕ್ಕ, ಸೊಂಟದ ಬೆಳ್ಳಿಯ ಉಡದಾರ ಇದ್ದಲ್ಲೇ ಇದ್ದವು. ಒಂದು ದವಡೆಯಲ್ಲಿ ಅರ್ಧ ಅಗಿದ ಎಲೆಯಿತ್ತು.

ಆ ಅರ್ಧ ಅಗಿದ ಎಲೆ ತಿಪ್ಪವ್ವನ ತಲೆ ಕೆಡಿಸಿದೆ. "ನಮ್ಮ ಮನ್ಯಾಗ ಮುಟ್ಲಿಲ್ಲ, ಹಂಗಾರ ಕೊಟ್ಟಾವ್ರು ಯಾರು?" ಎಂದು ಸಂತೆಯಲ್ಲಿ ಜೊತೆಗೆ ಕುಳಿತು ಕಥೆ ಕೇಳುವವರನ್ನೇ ಕೇಳುತ್ತಾಳೆ. "ಜಗಳ ಆಡಿದಾವ್ರ ಕೈಯಾಗಿನ ಎಲಿ ಯಾರೂ ತಿನ್ನಂಗಿಲ್ರಿ. ಅಂದ್ರ ನಮ್ಮ ಮನಿಯವ್ರಲ್ಲ, ಹೌದಲ್ರಿ? ಆದ್ರ ಜಗಳ ಮುರೀಬೇಕಂದ್ರ ಮೊದಲ ಎಲಿನ ಕೊಡ್ತಾರ. ಬೆನ್ನ ಹಿಂದ ಹೋಗಿ, ಬಾರೋ ರಾಜಿ ಆಗೂಣು ಅಂತ ಕರದು ಕೊಟ್ಟಿದ್ರ? ಒಮ್ಮೆ ಹಂಗ ಅನಸ್ತೈತಿ, ಒಮ್ಮೆ ಹಿಂಗ. ರೊಟ್ಟಿ ಬಡಿಯೂಮುಂದ ಅವ್ರಲ್ಲ ಅಂತೇನಿ, ಬೇಯ್ಸೂಮುಂದ ಅವ್ರ ಅಂತೇನಿ."

ಪೊಲೀಸರೂ ಅವಳಂತೆಯೇ ಎರಡೂ ಕಡೆ ಯೋಚಿಸಿದರು. ಕರಬಸಪ್ಪನನ್ನು ಹಿಡಿದೊಯ್ದರು. ಎಲೆ ಕಾಯಲು ಆ ರಾತ್ರಿ ತೋಟದಲ್ಲೇ ಮಲಗಿದ್ದೆ ಎಂದು ಅವನೆಂದ. ಮಲಗಿದ್ದನ್ನು ಕಂಡವರಿಲ್ಲ, ಎದ್ದುಹೋದದ್ದನ್ನು ಕಂಡವರೂ ಇಲ್ಲ. ಕೋರ್ಟು ಬಿಟ್ಟಿತು. ಊರು ಬಿಡಲಿಲ್ಲ, ಅವನ ಅತ್ತೆ, ತಿಪ್ಪವ್ವನ ತಾಯಿ ಶಿವಬಸವ್ವನಂತೂ ಬಿಡಲೇ ಇಲ್ಲ. ಮಗಳು ಹಿರೇಬೆಂಡಿಗೇರಿಗೆ ಹೋದಾಗ ತಾಯಿ ಹೊಸ್ತಿಲಲ್ಲೇ ನಿಂತು ಹೇಳಿದಳು: "ಕೊಂದಾವ ಯಾರಂತ ಹೇಳಿ ಒಳಗ ಬಾ. ಇಲ್ಲಂದ್ರ ಆ ಗಂಡನ್ನ ಬಿಟ್ಟು ಬಾ. ಎರಡೂ ಇಲ್ಲಂದ್ರ ಬರಬ್ಯಾಡ." ಅಂದಿನಿಂದ ಪಂಚಮಿಗೆ ಅವಳನ್ನು ಕರೆಯಲು ಯಾರೂ ಬಂದಿಲ್ಲ. ಗಂಡನೋ ತವರೋ ಎಂದು ಕೇಳಿದರೆ ಯಾವ ಹೆಣ್ಣು ತಾನೇ ಏನು ಹೇಳಿಯಾಳು? ಅತ್ತ ದರಿ ಇತ್ತ ಪುಲಿ ಅನ್ನುವ ಮಾತು ತಿಪ್ಪವ್ವನ ಪಾಲಿಗೆ ಗಾದೆಯಲ್ಲ, ಸಂಸಾರ.

ಆವತ್ತೇ ತಾಯಿ ಇನ್ನೊಂದು ಮಾತು ಆಡಿದ್ದಳು. ಕೊಂದವನಿಗೆ ಸತ್ತವನ ಒಡಹುಟ್ಟಿದವಳು ಎಲೆ ಕೊಟ್ಟರೆ ಅವನು ಮುಟ್ಟುವುದಿಲ್ಲ, ಮುಟ್ಟಿ ಅಗಿದರೂ ಬಾಯಿ ಕೆಂಪಾಗುವುದಿಲ್ಲ. ಹಿಂದಿನವರ ನಂಬಿಕೆ. ತಿಪ್ಪವ್ವ ಅದನ್ನೇ ಗಟ್ಟಿಯಾಗಿ ಹಿಡಿದಳು. ಎಲ್ಲೋ ಒಂದು ಸಂತೆಯಲ್ಲಿ ಬೇರೆ ಯಾವನೋ ಒಬ್ಬನ ಬಾಯಿ ಬಿಳಿಯಾಗಿಯೇ ಉಳಿಯಲಿ, ತನ್ನ ಗಂಡ ಉಳಿಯಲಿ ಎಂಬ ಆಸೆ.

ಆಸೆ ಎಡವಟ್ಟು ಮಾಡಿಸುತ್ತದೆ. ಆಡೂರಿನ ಒಬ್ಬ ಮುದುಕ ಎಲೆ ಬೇಡವೆಂದಾಗ ವಾರಗಟ್ಟಲೆ ಅವನ ಬೆನ್ನು ಹತ್ತಿದಳು. ಕಡೆಗೆ ಅವನು ಬಾಯಿ ತೆರೆದು ತೋರಿಸಿದ. ಒಂದೂ ಹಲ್ಲಿರಲಿಲ್ಲ. ಇದು ನಗುವ ಮಾತಾಯಿತು. ಹಿರೇಕೆರೂರಿನದು ನಗುವಂಥದ್ದಲ್ಲ. ಅಲ್ಲಿ ಹತ್ತಿಯ ಗಾಡಿ ಹೊಡೆಯುವ ಉಳಿವೆಪ್ಪ ಒಂದು ಸಂತೆಯ ದಿನ ಬೋಣಿ ಗಿರಾಕಿಯಾಗಿ ಬಂದ. ಎಲೆ ಅಗಿದ, ಉಗುಳಿದ. ಹಸಿರು. ತಿಪ್ಪವ್ವ ಅವನ ಕೈ ಹಿಡಿದು ಚೀರಿದಳು. ಜನ ಕೂಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಂತೆ ನಿಂತವರೆಲ್ಲ ತಮ್ಮ ತಮ್ಮ ತುಟಿ ಒರೆಸಿಕೊಂಡರು. ಉಳಿವೆಪ್ಪನನ್ನು ಪೊಲೀಸರು ಕರೆದೊಯ್ದರು.

ಮಧ್ಯಾಹ್ನ ಪಕ್ಕದಲ್ಲಿ ಸುಣ್ಣ ಮಾರುವ ಬಾಬಾಜಾನ ತಾನೇ ಒಂದು ಎಲೆ ಹಾಕಿಕೊಂಡು ನೋಡಿದ. ಅವನ ಬಾಯಿಯೂ ಕೆಂಪಾಗಲಿಲ್ಲ. "ತಂಗಿ, ತಪ್ಪಾತು. ಇವತ್ತ ನಿನಗ ಕೊಟ್ಟ ಸುಣ್ಣ ಹಳೇದು, ಸತ್ತೈತಿ," ಎಂದು ತಲೆಯ ಮೇಲೆ ಕೈ ಹೊತ್ತು ಕುಳಿತ. ಉಳಿವೆಪ್ಪ ಎರಡು ದಿನಕ್ಕೆ ಬಿಡುಗಡೆಯಾಗಿ ಬಂದ. ಅಷ್ಟರಲ್ಲಿ ಅವನ ಮಗಳಿಗೆ ನಿಶ್ಚಯವಾಗಿದ್ದ ಸಂಬಂಧ ಮುರಿದಿತ್ತು.

ತಿಪ್ಪವ್ವ ಅವನ ಮನೆಗೆ ಹೋಗಿ ಕಾಲು ಹಿಡಿದಳು, ಎಲೆ ಕೊಟ್ಟಳು. "ಅಂವ ನನ್ನ ಎಲಿ ಮುಟ್ಲಿಲ್ರಿ. ಇವತ್ತಿಗೂ ಮುಟ್ಟಂಗಿಲ್ಲ," ಎನ್ನುತ್ತಾಳೆ. "ಹಂಗಂತ ಅಂವ ಕೊಂದಾನ ಅನ್ನಾಕ ಬರ್ತೈತೇನ್ರಿ? ಮುಟ್ಟದಿದ್ದಾಂವ ಕೊಂದಾಂವ ಅಂತ ನಮ್ಮವ್ವ ಹೇಳಿದ್ಲು. ಮುಟ್ಟದಂಗ ಮಾಡಿದಾಕಿ ನಾನ ಅದೇನಿ." ಆ ಹುಡುಗಿಗೆ ಮುಂದೆ ಬೇರೆ ಕಡೆ ಮದುವೆಯಾಯಿತು. ಆ ಸುದ್ದಿ ಕೇಳಿದ ದಿನ ತಿಪ್ಪವ್ವ ಬುಟ್ಟಿಯ ಪಕ್ಕದಲ್ಲಿ ಕುಳಿತು ಬಿಕ್ಕಿ ಬಿಕ್ಕಿ ಅತ್ತಳಂತೆ. ಇಂದಿಗೂ ಅವಳು ಎಲೆ ಕೊಡುತ್ತಾಳೆ, ಬಾಯಿ ನೋಡುತ್ತಾಳೆ. ಯಾರ ಕೈಯನ್ನೂ ಹಿಡಿಯುವುದಿಲ್ಲ.

ಹಾನಗಲ್ಲಿನ ಸಂತೆ ಕರಗುತ್ತಿದೆ. ಬುಟ್ಟಿಯ ತಳದಲ್ಲಿ ಉಳಿದ ಕಟ್ಟುಗಳಿಗೆ ನೀರು ಚಿಮುಕಿಸಿ, ಒದ್ದೆ ಅರಿವೆ ಹೊದಿಸುತ್ತಿದ್ದಾಳೆ ತಿಪ್ಪವ್ವ. ಅವಳ ಕಥೆ ಕೇಳುತ್ತಾ ದಿನವಿಡೀ ಜೊತೆಗೆ ಕುಳಿತವರು ಕೇಳಲೋ ಬೇಡವೋ ಎಂದು ತಡೆದುಕೊಂಡಿದ್ದ ಪ್ರಶ್ನೆ ಈಗ ಹೊರಬೀಳುತ್ತದೆ: ನಾಲ್ಕು ತಾಲೂಕಿನ ಬಾಯಿ ನೋಡಿದಿರಿ, ಯಜಮಾನರಿಗೆ ಎಲೆ ಕೊಟ್ಟು ನೋಡಿದಿರಾ?

ಅವಳು ಅರಿವೆಯ ಅಂಚನ್ನು ಬುಟ್ಟಿಯ ಸುತ್ತ ಸಿಕ್ಕಿಸುತ್ತಾಳೆ.

"ಮೊದಲೆಲ್ಲ ಉಂಡಮ್ಯಾಲೆ ನನ್ನ ಕೈಲೆ ಎಲಿ ತಿಂತಿದ್ರು. ಮಾಳಪ್ಪ ಹೋದ ದಿನದಿಂದ ಬಿಟ್ಟಾರ. ಕೊಂದಾವ ಸಿಗೂತನಕ ತಿನ್ನಂಗಿಲ್ಲ ಅಂತ ಆಣಿ ಮಾಡ್ಯಾರ. ದುಃಖಕ್ಕ ಮಾಡಿದ ಆಣಿ ಅಂತ ಒಂದು ದಿನ ಅನಸ್ತೈತಿ. ನನ್ನ ಎಲಿ ತಪ್ಪಿಸ್ಕೊಳ್ಳಾಕ ಮಾಡಿದ್ದು ಅಂತ ಇನ್ನೊಂದು ದಿನ. ಅವ್ರು ತಿನ್ನಬೇಕಂದ್ರ ಕೊಂದಾವ ಸಿಗಬೇಕು. ಕೊಂದಾವ ಸಿಗಬೇಕಂದ್ರ ಅವ್ರು ತಿನ್ನಬೇಕು. ನನಗ ತಿಳಿಯಂಗಿಲ್ರಿ."

ಬುಟ್ಟಿಯನ್ನು ತಲೆಗೇರಿಸಲು ಪಕ್ಕದ ಅಂಗಡಿಯವರು ಕೈ ಹಚ್ಚುತ್ತಾರೆ. ಹಾಗಾದರೆ ಇನ್ನು ನಿಮಗೇನು ಆಗಬೇಕು ಎಂದರೆ ಕತ್ತು ನೆಟ್ಟಗೆ ಮಾಡಿಕೊಂಡು, ಬಸ್ಸು ಬರುವ ದಾರಿಯನ್ನು ನೋಡುತ್ತಾ ಹೇಳುತ್ತಾಳೆ:

"ಒಂದಿನ ಉಂಡಮ್ಯಾಲೆ ಅವ್ರು ತಾವಾಗಿ ಕೈ ಚಾಚಿ, ತಿಪ್ಪವ್ವಾ ಎಲಿ ಕೊಡು ಅನ್ನಬೇಕ್ರಿ. ಅಷ್ಟ ಸಾಕು. ದೀಪಾ ಆರಿಸಿ ಕೊಡ್ತೇನಿ, ಬಾಯಿ ಕಾಣದಂಗ."