ಅವಸರವಿಲ್ಲ ಎಂದ ತಪ್ಪಿಗೆ

ಬೆಳಗಿನ ಆರು ಗಂಟೆ. ನಗರಸಭೆಯ ಕಟ್ಟಡದಲ್ಲಿ ಇನ್ನೂ ಕಸ ಗುಡಿಸಿಲ್ಲ. ಕೆಳಗಿನ ದಾಖಲೆ ಕೋಣೆಯಲ್ಲಿ ಮಾತ್ರ ಒಂದು ದೀಪ ಉರಿಯುತ್ತಿದೆ. ಕಾವಲುಗಾರನಿಂದ ಬೀಗದ ಕೈ ಪಡೆದು ಬಂದ ಹೆಣ್ಣುಮಗಳೊಬ್ಬರು ಎರಡು ದಪ್ಪ ಪುಸ್ತಕಗಳನ್ನು ಅಕ್ಕಪಕ್ಕ ಬಿಚ್ಚಿಟ್ಟುಕೊಂಡಿದ್ದಾರೆ. ಒಂದು ಟೋಕನ್ ಪುಸ್ತಕ. ಕಿಟಕಿಗೆ ಯಾರು, ಯಾವತ್ತು, ಯಾವ ಕೆಲಸಕ್ಕೆ ಬಂದರು ಎಂಬುದು ಅದರಲ್ಲಿದೆ. ಇನ್ನೊಂದು, ತಡವಾಗಿ ನೋಂದಾಯಿಸಿದ ಮರಣಗಳ ಪುಸ್ತಕ. ಸಾಲಿನ ಕೆಳಗೆ ಸ್ಕೇಲ್ ಇಟ್ಟು ಓದುತ್ತಾರೆ. ಒಂದೇ ಮನೆಯ ಹೆಸರು ಎರಡರಲ್ಲೂ ಸಿಕ್ಕರೆ ಪೆನ್ಸಿಲಿನಿಂದ ಚುಕ್ಕೆ ಇಡುತ್ತಾರೆ. ಆಗ ಅವರ ತುಟಿ ಅಲುಗುತ್ತದೆ. ಎಣಿಸುತ್ತಿದ್ದಾರೆಂದು ನಾನು ತಿಳಿದಿದ್ದೆ. ಕೇಳಿದಾಗ, ತೀರಿಕೊಂಡವರ ಹೆಸರನ್ನು ಒಂದು ಸಲ ಬಾಯಿಬಿಟ್ಟು ಹೇಳುತ್ತೇನೆ ಎಂದರು.

ಎಂಟೂಮುಕ್ಕಾಲಿಗೆ ಪುಸ್ತಕ ಮುಚ್ಚಿ, ಕೈ ತೊಳೆದು, ಮೇಲಿನ ಮಹಡಿಯ ಮೂರನೆಯ ಕಿಟಕಿಗೆ ಹೋಗಿ ಕೂರುತ್ತಾರೆ. ಅದು ಜನನ ಮರಣ ನೋಂದಣಿಯ ಕಿಟಕಿ. ಅವರು ಅಲ್ಲಿ ಕೂರತೊಡಗಿ ಇಪ್ಪತ್ತೆರಡು ವರ್ಷವಾಗಿದೆ. ದಿನಕ್ಕೆ ಅರವತ್ತು ಎಪ್ಪತ್ತು ಜನ. ಹುಟ್ಟಿದ್ದನ್ನು ಬರೆಸಲು ಬಂದವರು ನಗುತ್ತಾರೆ, ನುಗ್ಗುತ್ತಾರೆ, ಜಗಳವನ್ನೂ ಆಡುತ್ತಾರೆ. ಸತ್ತಿದ್ದನ್ನು ಬರೆಸಲು ಬಂದವರು ಯಾವ ಸಾಲಿನಲ್ಲಿ ನಿಲ್ಲಬೇಕೆಂದೂ ಕೇಳದೆ ಗೋಡೆಗೆ ಒರಗಿರುತ್ತಾರೆ. ಅವರನ್ನು ಮೊದಲು ಕರೆದು ಕೂರಿಸುವುದು ಇವರ ಪದ್ಧತಿ. ಹಾಗಾಗಿ ಜನ ಇವರನ್ನು ಕರೆಯುವುದೇ ಸಮಾಧಾನದಮ್ಮ ಎಂದು.

ಹೋದ ವರ್ಷ ಮನೆಯಾಕೆ ತೀರಿಕೊಂಡಾಗ ಆ ಗೋಡೆಗೆ ಒರಗಿ ನಿಂತವರಲ್ಲಿ ನಾನೂ ಒಬ್ಬ. ನಾನು ಕಾಗದವನ್ನು ತಲೆಕೆಳಗಾಗಿ ಚಾಚಿದ್ದನ್ನು ನೋಡಿ ಇವರು, ‘ಈಗೇನೂ ಅವಸರ ಇಲ್ಲ, ಮನೆಗೆ ಹೋಗಿ. ಎಲ್ಲಾ ಮುಗಿಸ್ಕೊಂಡು ಸಾವಕಾಶವಾಗಿ ಬನ್ನಿ’ ಎಂದಿದ್ದರು. ಉರಿಯುವ ಕಣ್ಣಿಗೆ ತಣ್ಣೀರು ಹಚ್ಚಿದಂತಾಗಿತ್ತು. ಮೂವತ್ತು ದಿನದೊಳಗೆ ಬರೆಸದಿದ್ದರೆ ತಹಶೀಲ್ದಾರರ ಆದೇಶ ಬೇಕಾಗುತ್ತದೆ ಎಂದು ಎಚ್ಚರಿಸಿದವನು ನನ್ನ ತಂಗಿಯ ಮಗ. ಅವನಿಗೆ ಕಾನೂನು ಗೊತ್ತಿತ್ತು. ಎಲ್ಲರಿಗೂ ಅಂಥ ತಂಗಿಯ ಮಗ ಇರುವುದಿಲ್ಲ. ಈ ಬರಹಕ್ಕೆ ಕಾರಣವಾದ ಸಂಗತಿ ಇಷ್ಟೇ.

ಸಮಾಧಾನದಮ್ಮನಿಗೆ ಈಗ ನಲವತ್ತೊಂಬತ್ತು. ಎರಡು ವರ್ಷದ ಹಿಂದೆ ವಿಶ್ವವಿದ್ಯಾಲಯದ ಸಂಜೆ ತರಗತಿಗೆ ಸೇರಿದರು. ವಿಷಯ ಸಾರ್ವಜನಿಕ ನೀತಿ. ಆ ಪದವಿ ಇದ್ದರೆ ಈ ವರ್ಷದ ಬಡ್ತಿ ಪರೀಕ್ಷೆಗೆ ಕೂರಬಹುದು. ಮುಂದಿನ ಪರೀಕ್ಷೆ ಬರುವಷ್ಟರಲ್ಲಿ ಅವರ ವಯಸ್ಸು ಮೀರುತ್ತದೆ. ತರಗತಿಯಲ್ಲಿ ಮೂವತ್ತೊಂದು ಮಂದಿ, ಇವರೇ ಎಲ್ಲರಿಗಿಂತ ಹಿರಿಯರು. ಮನೆಯಲ್ಲಿ ಅತ್ತೆಯವರು ಸೊಸೆಯ ಪುಸ್ತಕದ ರಾಶಿ ನೋಡಿ, ‘ನಿನಗೆ ಮಾರ್ಕ್ಸ್ ಬಂದ್ರೆ ನನ್ನ ಮಂಡಿನೋವು ಹೋಗುತ್ತೇನೇ?’ ಎಂದು ಕೇಳುತ್ತಾರಂತೆ. ಹಾಗೆಂದ ಮುದುಕಿಯೇ ಬೆಳಗ್ಗೆ ಐದಕ್ಕೆ ಎದ್ದು ಸೊಸೆಗೆ ಡಬ್ಬಿ ಕಟ್ಟುತ್ತಾರೆ.

ಕೊನೆಯ ಮೆಟ್ಟಿಲು ಪ್ರಾಕ್ಟಿಕಮ್. ಒಬ್ಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ನೂರ ಎಂಬತ್ತು ಗಂಟೆ ನಿಜವಾದ ಕೆಲಸ ಮಾಡಿ ವರದಿ ಬರೆಯಬೇಕು. ಗಂಟೆಗಳಿಗೂ ವರದಿಗೂ ಅಧಿಕಾರಿಯ ಸಹಿ ಬೇಕು. ಎಲ್ಲಾ ಸೇರಿ ಆರು ಕ್ರೆಡಿಟ್. ಇಪ್ಪತ್ತೆರಡು ವರ್ಷ ಕಿಟಕಿಯಲ್ಲಿ ಕುಳಿತದ್ದು ಈ ಲೆಕ್ಕಕ್ಕೆ ಬರುವುದಿಲ್ಲ, ಕಚೇರಿ ವೇಳೆಯ ಹೊರಗೆ ಬೇರೆಯಾಗಿ ಮಾಡಬೇಕು ಎಂದಿತು ವಿಶ್ವವಿದ್ಯಾಲಯ. ಆದ್ದರಿಂದಲೇ ಈ ಬೆಳಗಿನ ಆರು ಗಂಟೆ. ನಾನು ನೋಡಲು ಹೋದದ್ದು ಕೊನೆಯ ವಾರ. ಇನ್ನೂ ಹನ್ನೊಂದು ಗಂಟೆ ಉಳಿದಿತ್ತು.

ಅವರು ಆರಿಸಿಕೊಂಡ ಪ್ರಶ್ನೆ ಸರಳವಾದದ್ದು. ಜನ ಮರಣವನ್ನು ಯಾಕೆ ತಡವಾಗಿ ಬರೆಸುತ್ತಾರೆ? ಬರೆಸದಿದ್ದರೆ ಪ್ರಮಾಣಪತ್ರವಿಲ್ಲ, ಪ್ರಮಾಣಪತ್ರವಿಲ್ಲದೆ ವಿಧವೆಗೆ ಪಿಂಚಣಿಯಿಲ್ಲ. ಗೊತ್ತಿಲ್ಲದೆ, ಓದು ಬಾರದೆ, ಊರು ದೂರವಾಗಿ ತಡವಾಗುತ್ತದೆ ಎಂದು ಅವರೂ ನಂಬಿದ್ದರು. ಎರಡು ವರ್ಷದಲ್ಲಿ ಇನ್ನೂರ ಹದಿನಾಲ್ಕು ತಡ ಪ್ರಕರಣ. ಟೋಕನ್ ಪುಸ್ತಕದೊಂದಿಗೆ ತಾಳೆ ನೋಡಿದಾಗ ಎಂಬತ್ತೇಳು ಮನೆಯವರು ಮೂವತ್ತು ದಿನದೊಳಗೇ ಒಮ್ಮೆ ಬಂದುಹೋಗಿದ್ದರು. ಬಂದದ್ದು ಮೂರನೆಯ ಕಿಟಕಿಗೆ. ಅವರನ್ನು ಸಾವಕಾಶವಾಗಿ ಬನ್ನಿ ಎಂದು ಕಳಿಸಿದವರು ಇವರೇ.

ಇಷ್ಟು ವರ್ಷ ಹೇಗೆ ತಿಳಿಯಲಿಲ್ಲ ಎಂದು ಕೇಳಿದೆ. ತಡವಾಗಿ ಬಂದವರು ಕಿಟಕಿಗೆ ಬರುವುದಿಲ್ಲ, ನೇರ ಎರಡನೆಯ ಮಹಡಿಯ ಬೇರೆ ಮೇಜಿಗೆ ಹೋಗುತ್ತಾರೆ. ಮೂವತ್ತು ದಿನ ಇದೆಯಲ್ಲ, ಅಷ್ಟರಲ್ಲಿ ಬಂದೇ ಬರುತ್ತಾರೆ ಎಂದು ಇವರು ತಿಳಿದಿದ್ದರಂತೆ.

‘ನನಗೆ ಮುಖ ಕಾಣ್ತಿತ್ತು, ಫೈಲು ಕಾಣ್ತಿರಲಿಲ್ಲ’ ಎಂದರು. ‘ಒಳ್ಳೇದು ಮಾಡಿದೆ ಅಂತ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ದೆ.’

ವರದಿಗಾಗಿ ಹತ್ತು ಮನೆಗಳನ್ನು ಕಂಡು ಮಾತಾಡಿಸಬೇಕಿತ್ತು. ಏಳನೆಯದು ಒಂದು ಕೋಣೆಯ ಮನೆ. ಗಂಡ ಮನೆಗಳಿಗೆ ಬಣ್ಣ ಬಳಿಯುವವನು, ನಿಂತು ಬಣ್ಣ ಬಳಿಯಲು ಕಟ್ಟಿದ ಸಾರುವೆಯಿಂದ ಬಿದ್ದು ತೀರಿಹೋದ. ಹೆಂಡತಿ ಮನೆಯಲ್ಲೇ ಕುಳಿತು ಅಂಗಿಗಳಿಗೆ ಗುಂಡಿ ಹೊಲಿಯುವವಳು. ಒಂಬತ್ತನೆಯ ದಿನ ಕಿಟಕಿಗೆ ಬಂದವಳು ಮತ್ತೆ ಬಂದದ್ದು ಅರವತ್ತೇಳನೆಯ ದಿನ. ತಹಶೀಲ್ದಾರರ ಆದೇಶ ಬರುವವರೆಗೆ ಏಳು ತಿಂಗಳು ಪಿಂಚಣಿ ಸಿಗಲಿಲ್ಲ. ಅಷ್ಟರಲ್ಲಿ ಒಂಬತ್ತನೆಯ ತರಗತಿಯ ಮಗಳು ಶಾಲೆ ಬಿಟ್ಟು ರಟ್ಟಿನ ಡಬ್ಬಿ ಮಾಡುವ ಕೆಲಸಕ್ಕೆ ಸೇರಿದಳು.

ನಾನೇ ನಿನ್ನನ್ನು ವಾಪಸ್ ಕಳಿಸಿದವಳು ಎಂದು ಇವರು ಒಪ್ಪಿಕೊಂಡರಂತೆ. ಬಯ್ಯುತ್ತಾಳೆಂದು ಕಾದರಂತೆ. ಅವಳು ಬಯ್ಯಲಿಲ್ಲ.

‘ಆ ಕಟ್ಟಡದಲ್ಲಿ ನನ್ನನ್ನ ಕೂತ್ಕೋ ಅಂದವರು ನೀವೊಬ್ರೇ ಅಕ್ಕಾ. ನಿಮ್ಮ ಮಾತು ನಂಬ್ಕೊಂಡು ಒಂದು ತಿಂಗಳು ನಿಶ್ಚಿಂತೆಯಾಗಿ ಅತ್ಕೊಂಡಿದ್ದೆ’ ಎಂದಳಂತೆ.

ಇದನ್ನು ಹೇಳುವಾಗ ಸಮಾಧಾನದಮ್ಮ ಸ್ಕೇಲನ್ನು ಹಿಡಿದು ತಿರುಗಿಸುತ್ತಲೇ ಇದ್ದರು. ಬೈಗುಳಕ್ಕೆ ಉತ್ತರ ಕೊಡಬಹುದು. ಕೃತಜ್ಞತೆಗೆ ಎಲ್ಲಿಂದ ಉತ್ತರ ತರುವುದು? ನಾವು ಕರುಣೆಯೆಂದು ಮಾಡಿದ್ದು ಇನ್ನೊಬ್ಬರ ಮನೆಯಲ್ಲಿ ಏನಾಗಿ ಮುಟ್ಟುತ್ತದೆ ಎಂಬುದು ಭಗವಂತನೊಬ್ಬನಿಗೆ ಗೊತ್ತು. ತಿಳಿದುಕೊಳ್ಳಲು ಇವರು ಪುಸ್ತಕ ಬಿಚ್ಚಿದರು. ನಮ್ಮಲ್ಲಿ ಬಹಳ ಮಂದಿ ಬಿಚ್ಚುವುದಿಲ್ಲ.

ಮೇಲ್ವಿಚಾರಕರಾಗಿದ್ದವರು ಅದೇ ವಿಭಾಗದ ಅಧಿಕಾರಿ, ಇವರಿಗಿಂತ ಹತ್ತು ವರ್ಷ ಕಿರಿಯರು. ಕೆಟ್ಟವರಲ್ಲ. ಕರಡು ಓದಿ, ಬಾಗಿಲು ಮುಂದೆ ಮಾಡಿ, ಎಂಬತ್ತೇಳು ಮನೆಗಳ ಲೆಕ್ಕವಿದ್ದ ನಾಲ್ಕನೆಯ ಅಧ್ಯಾಯ ತೆಗೆಯಲು ಹೇಳಿದರು. ತಾನು ಸಹಿ ಹಾಕಿದರೆ ಕಚೇರಿಯೇ ತಪ್ಪು ಒಪ್ಪಿಕೊಂಡಂತಾಗುತ್ತದೆ, ಎಂಬತ್ತೇಳು ಮನೆಯವರೂ ನಾಳೆ ಬಾಗಿಲಿಗೆ ಬರುತ್ತಾರೆ ಎಂಬುದು ಅವರ ಭಯ.

‘ಜನರಲ್ಲಿ ಅರಿವಿನ ಕೊರತೆ ಅಂತ ಬರೆದುಬಿಡಿ ಅಮ್ಮಾ. ಎಲ್ಲಾ ವರದಿಯಲ್ಲೂ ಅದೇ ಇರುತ್ತೆ. ನಿಮಗೂ ಪದವಿ ಸಿಗುತ್ತೆ.’

‘ಕೊರತೆ ಇದ್ದದ್ದು ಜನಕ್ಕಲ್ಲ ಸಾರ್, ನನಗೆ’ ಎಂದರು ಇವರು.

ಹನ್ನೊಂದು ಗಂಟೆ ಮುಗಿದವು. ವರದಿ ನಾಲ್ಕನೆಯ ಅಧ್ಯಾಯದ ಸಮೇತ ಹೋಯಿತು. ಅಧಿಕಾರಿ ನೂರ ಎಂಬತ್ತು ಗಂಟೆಗೆ ಸಹಿ ಹಾಕಿದರು, ವರದಿಗೆ ಹಾಕಲಿಲ್ಲ. ವಿಶ್ವವಿದ್ಯಾಲಯದ ಅಧ್ಯಾಪಕಿ ಈ ತಂಡದಲ್ಲಿ ಇದಕ್ಕಿಂತ ಒಳ್ಳೆಯ ವರದಿ ಬಂದಿಲ್ಲವೆಂದು ಹೇಳಿ, ನಿಯಮ ನಿಯಮವೇ ಎಂದೂ ಹೇಳಿದರು. ಆರರಲ್ಲಿ ಎರಡು ಕ್ರೆಡಿಟ್ ಬರಲಿಲ್ಲ. ಬೇರೊಂದು ಕಚೇರಿಯಲ್ಲಿ, ಬೇರೊಬ್ಬರ ಕೈಕೆಳಗೆ ಅರವತ್ತು ಗಂಟೆ ಮತ್ತೆ ಮಾಡಬೇಕು. ಪದವಿ ಆರು ತಿಂಗಳು ಮುಂದೆ ಹೋಯಿತು. ಬಡ್ತಿ ಪರೀಕ್ಷೆ ಕೈತಪ್ಪಿತು. ನಿವೃತ್ತಿಯವರೆಗೂ ಮೂರನೆಯ ಕಿಟಕಿಯೇ ಗತಿ.

ಕಿಟಕಿಯಲ್ಲಿ ಒಂದು ಬದಲಾವಣೆಯಾಗಿದೆ. ಗೋಡೆಗೆ ಒರಗಿದವರನ್ನು ಈಗಲೂ ಮೊದಲು ಕರೆಯುತ್ತಾರೆ. ಆದರೆ ಮನೆಗೆ ಕಳಿಸುವುದಿಲ್ಲ. ತಾವೇ ಒಂದೊಂದಾಗಿ ಕೇಳಿ ಅರ್ಜಿ ತುಂಬುತ್ತಾರೆ. ಕಾಗದ ಸಾಲದಿದ್ದರೆ ಕೊನೆಯ ದಿನಾಂಕವನ್ನು ಚೀಟಿಯಲ್ಲಿ ದಪ್ಪಗೆ ಬರೆದು ಅಂಗೈಯಲ್ಲಿಟ್ಟು ಬೆರಳು ಮಡಿಸುತ್ತಾರೆ. ಕೆಲವರು ಇವರಿಗೆ ಮೊದಲಿನ ಮೃದುತನ ಇಲ್ಲ ಎಂದು ಗೊಣಗುತ್ತಾರೆ. ಸಾಲಿನಲ್ಲಿ ಯಾರೋ ಸಮಾಧಾನದಮ್ಮ ಎಂದು ಕೂಗಿದರೆ ಮುಖ ಮೇಲೆತ್ತುವುದಿಲ್ಲ.

ಭಾನುವಾರ ಆ ಒಂದು ಕೋಣೆಯ ಮನೆಗೆ ಹೋಗಿಬರುತ್ತಾರೆ. ಶಾಲೆಯವರು ಹುಡುಗಿಯನ್ನು ಮತ್ತೆ ಸೇರಿಸಿಕೊಳ್ಳಲು ಒಪ್ಪಿದ್ದಾರೆ, ಆದರೆ ಅದೇ ಒಂಬತ್ತನೆಯ ತರಗತಿಗೆ. ಚಿಕ್ಕವರ ಜೊತೆ ಕೂರುವುದಿಲ್ಲ ಎಂದಳಂತೆ ಹುಡುಗಿ. ‘ನಾನು ಕೂತಿಲ್ವೇನೇ, ಈ ಬಿಳಿಕೂದಲು ಇಟ್ಕೊಂಡು?’ ಎಂದು ಇವರು ಕೇಳಿದ್ದಕ್ಕೆ ನಕ್ಕಳಂತೆ. ನಕ್ಕಳೇ ಹೊರತು ಬರುತ್ತೇನೆ ಎನ್ನಲಿಲ್ಲ.

ಇಷ್ಟೆಲ್ಲ ಆದಮೇಲೆ ಮತ್ತೊಮ್ಮೆ ಅವರನ್ನು ಕಾಣಲು ಹೋಗಿದ್ದೆ. ಹೊರಡುವಾಗ ನಾನು, ನಿಮ್ಮ ಪರಿಶ್ರಮ ಹೀಗಾಯಿತಲ್ಲ ಎಂದೆ. ಅವರು ಅರ್ಜಿಗಳ ಕಟ್ಟಿಗೆ ದಾರ ಸುತ್ತುತ್ತಿದ್ದರು. ಕೈ ನಿಲ್ಲಿಸಲಿಲ್ಲ.

‘ನಂದು ಆರು ತಿಂಗಳು ತಾನೇ, ಅರವತ್ತು ಗಂಟೆ ಮಾಡಿದ್ರೆ ವಾಪಸ್ ಬರುತ್ತೆ. ಆ ಮಗೂದು ಒಂದು ವರ್ಷ ಹೋಗಿದೆಯಲ್ಲ, ಅದಕ್ಕೆ ಯಾವ ಕಿಟಕಿಯಲ್ಲಿ ಅರ್ಜಿ ಕೊಡೋದು, ಹೇಳಿ.’