ಹಗ್ಗ ಬಿದ್ದಲ್ಲಿ ನಿಲ್ಲುವ ಕುದುರೆ

ಲಗಾಮಕ್ಕನಿಗೆ ಮುಂದಿನ ನಾಲ್ಕು ಹಲ್ಲಿಲ್ಲ. ಇಪ್ಪತ್ತೆರಡರ ವಯಸ್ಸಿನಲ್ಲಿ ಒಂದು ಕುದುರೆಮರಿ ಒದ್ದು ಉದುರಿಸಿತು. ಹಲ್ಲಿನ ಜೊತೆ ಸಿಳ್ಳೆಯೂ ಹೋಯಿತು. ಕುದುರೆ ಪಳಗಿಸುವ ಬೇರೆಯವರು ಸಿಳ್ಳೆ ಹಾಕಿ ಕರೆಯುತ್ತಾರೆ. ಇವರು ಕರೆಯುವ ಪ್ರಮೇಯವೇ ಬರದಂತೆ, ಬಿಟ್ಟಲ್ಲೇ ನಿಲ್ಲುವುದನ್ನು ಕಲಿಸಿದರು.

ಬೆಳಗಿನ ಐದೂವರೆ. ಮೂರು ವರ್ಷದ ಕೆಂಚು ಹೆಣ್ಣುಕುದುರೆಯನ್ನು ಅಂಗಳದ ನಡುವೆ ತಂದು, ಲಗಾಮಿನ ಹಗ್ಗವನ್ನು ನೆಲಕ್ಕೆ ಬಿಡುತ್ತಾರೆ. ಗೋಡೆಯ ಹಿಂದೆ ಹೋಗಿ ಮುನ್ನೂರರವರೆಗೆ ಎಣಿಸುತ್ತಾರೆ. ಕುದುರೆ ಕಿವಿ ಆಡಿಸುತ್ತದೆ, ನೊಣ ಕೂತರೆ ಚರ್ಮ ಅದುರಿಸುತ್ತದೆ. ಗೊರಸು ಎತ್ತುವುದಿಲ್ಲ.

ಈ ಲಾಯದ ತಳಿಗೆ ಹೆಸರು ಬಂದದ್ದು ಓಟದಿಂದಲ್ಲ. "ಬೆನ್ನು ಗಿಡ್ಡ ಇರ್ಬೇಕು, ಗೊರಸು ಕಲ್ಲಿನ ಹಾಗಿರ್ಬೇಕು. ಮೇಲೆ ಕೂತವ್ನ ಕೈಲಿ ಲೋಟ ಇದ್ರೆ ನೀರು ತುಳುಕಬಾರ್ದು. ಇದೆಲ್ಲ ಹುಟ್ಟಿನಿಂದ ಬರುತ್ತೆ. ನಿಲ್ಲೋದು ಮಾತ್ರ ನಾನು ಕೊಡೋದು" ಎನ್ನುತ್ತಾರೆ ಲಗಾಮಕ್ಕ. ಕೊಳ್ಳುವವರು ದನ ಕಾಯುವವರು, ಬೇಲಿ ಕಟ್ಟುವವರು. ಇಳಿದು ಎರಡೂ ಕೈಯಲ್ಲಿ ದುಡಿಯಬೇಕಾದವರು. ಹಗ್ಗ ನೆಲಕ್ಕೆ ಬಿದ್ದರೆ ನಿಲ್ಲಬೇಕು, ಕುತ್ತಿಗೆಯ ಮೇಲೆ ಬಿದ್ದರೆ ಹೊರಡಬೇಕು. ಮೂವತ್ತು ವರ್ಷದಲ್ಲಿ ಇನ್ನೂರ ನಲವತ್ತು ಕುದುರೆಗಳಿಗೆ ಇವರು ಇದನ್ನು ಕಲಿಸಿದ್ದಾರೆ.

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಲಾಯಕ್ಕೆ ಬೆಂಕಿ ಬಿತ್ತು. ಲಗಾಮಕ್ಕ ಪಳಗಿದ ಕುದುರೆಗಳನ್ನು ಒಂದೊಂದಾಗಿ ಅಂಗಳಕ್ಕೆ ಎಳೆದು ತಂದರು. ತಂದದ್ದನ್ನು ಅಲ್ಲೇ ಬಿಟ್ಟು ಇನ್ನೊಂದಕ್ಕಾಗಿ ಒಳಗೆ ಓಡಿದರು. ಗಾಳಿ ತಿರುಗಿತು. ಅಂಗಳದ ಪಕ್ಕದ ಹುಲ್ಲಿನ ಶೆಡ್ಡು ಹೊತ್ತಿಕೊಂಡು, ಉರಿಯುವ ಚಾವಣಿ ಕುದುರೆಗಳ ಮೇಲೆ ಕುಸಿಯಿತು. ಒಂದೂ ಕದಲಿರಲಿಲ್ಲ. ಇನ್ನೂ ಏನೂ ಕಲಿಯದ ನಾಲ್ಕು ಮರಿಗಳು ಹಿಂದಿನ ಬೇಲಿ ಮುರಿದು ಓಡಿ ಬದುಕಿಕೊಂಡವು.

"ಕೈ ತಾನಾಗೇ ಹಗ್ಗಾನ ನೆಲಕ್ಕೆ ಬಿಟ್ಬಿಡ್ತು. ಕುತ್ತಿಗೆ ಮೇಲೆ ಎಸೆದಿದ್ರೆ ಸಾಕಿತ್ತು. ನನ್ನನ್ನೇ ನೋಡ್ತಾ ನಿಂತಿದ್ವು."

ಈ ಕೆಂಚಿ ಆ ನಾಲ್ಕರಲ್ಲಿ ಒಂದು. ತಿಂಗಳ ಕೊನೆಯೊಳಗೆ ನಾಲ್ಕೂ ನಿಲ್ಲುವುದು ಕಲಿಯಬೇಕು, ಇಲ್ಲವಾದರೆ ಬೇರೆಯವರನ್ನು ತರುತ್ತೇನೆ ಎಂದಿದ್ದಾರೆ ಲಾಯದ ಧಣಿ. ಲಗಾಮಕ್ಕ ಕಲಿಸುತ್ತಿದ್ದಾರೆ. ಆದರೆ ಧಣಿ ಏಳುವ ಮುಂಚೆ ಇನ್ನೊಂದನ್ನೂ ಕಲಿಸಲು ಹೆಣಗುತ್ತಾರೆ: ಹೊಗೆ ಕಂಡರೆ, ಹಗ್ಗ ಎಲ್ಲೇ ಬಿದ್ದಿರಲಿ, ಓಡಬೇಕು.

ಒಂದು ಹಿಡಿ ಒಣಹುಲ್ಲಿಗೆ ಕಡ್ಡಿ ಗೀರುತ್ತಾರೆ. ಲಾಳ ಹೊಡೆಯುವ ಅವರ ತಮ್ಮ ಅಂಗಳದ ಬಾಗಿಲಲ್ಲಿ ಕಾವಲಿದ್ದಾನೆ. "ಬೇಗ ಮುಗ್ಸಕ್ಕಾ. ಧಣಿ ನೋಡಿದ್ರೆ ನಿನ್ನ ಕಾಲಿಗೇ ಲಾಳ ಹೊಡಿ ಅಂತಾರೆ ನಂಗೆ."

"ಹೊಡಿಯೋ, ಚಪ್ಪಲಿ ಖರ್ಚಾದ್ರೂ ಉಳಿಯುತ್ತೆ."

ಹೊಗೆ ಕೆಂಚಿಯ ಮೂಗಿಗೆ ಮುಟ್ಟುತ್ತದೆ. ಅದರ ಕಣ್ಣಿನ ಬಿಳಿ ಕಾಣುತ್ತದೆ, ತೊಡೆ ನಡುಗುತ್ತದೆ. "ಓಡೇ! ಓಡೇ ಮೂದೇವಿ!" ಲಗಾಮಕ್ಕ ಅದರ ಹಿಂಭಾಗಕ್ಕೆ ಅಂಗೈಯಿಂದ ಬಾರಿಸುತ್ತಾರೆ. ಅದು ಅವರತ್ತ ಕತ್ತು ತಿರುಗಿಸುತ್ತದೆ, ಅಷ್ಟೇ. ನಿಂತೇ ಇರುತ್ತದೆ. ಇಂದಿಗೆ ಹತ್ತೊಂಬತ್ತನೇ ಬೆಳಗು.

"ಕಲಿಸಿದ್ದು ಜಾಸ್ತಿ ಆಯ್ತು" ಎನ್ನುತ್ತಾ ಹುಲ್ಲನ್ನು ತುಳಿದು ಆರಿಸುತ್ತಾರೆ. "ಒಂದಾದ್ರೂ ನನ್ನ ಮಾತು ಮೀರ್ಲಿ ಸಾಮಿ. ಇನ್ನೇನೂ ಬೇಡ ನಂಗೆ."

ಆ ಮಧ್ಯಾಹ್ನ ಅಂಗಳದಲ್ಲಿ ಸತ್ತದ್ದು ಒಂಬತ್ತು: ನಾಲ್ಕು ಗಂಡು, ಐದು ಹೆಣ್ಣು. ಹೆಣ್ಣುಗಳಲ್ಲಿ ಎರಡು ಗಬ್ಬವಾಗಿದ್ದವು.