ಭರಮವ್ವನ ಕೂಳಿ

ಕೂಳಿ ಅಂದರೆ ಬಿದಿರಿನ ಬುಟ್ಟಿ. ಅದಕ್ಕೆ ಅಡಿಯೂ ಇಲ್ಲ, ಮುಚ್ಚಳವೂ ಇಲ್ಲ. ಬೇಸಿಗೆಯಲ್ಲಿ ಕೆರೆ ಮೊಣಕಾಲುದ್ದಕ್ಕೆ ಇಳಿದಾಗ ಊರಿಗೆ ಊರೇ ಕೂಳಿ ಹಿಡಿದು ನುಗ್ಗುತ್ತದೆ. ಮೀನಿನ ಮೇಲೆ ಅದನ್ನು ಒತ್ತಿ, ಮೇಲಿನ ಬಾಯೊಳಗೆ ಕೈ ಹಾಕಿ ಹಿಡಿಯುವುದೇ ಕೆರೆಬೇಟೆ. ಆಡೂರಿನ ಆಚೆಯ ಒಂದು ಹಳ್ಳಿಯಲ್ಲಿ ಕೂಳಿ ಹೆಣೆಯುವವಳು ಭರಮವ್ವ. ಆದರೆ ಅವಳ ಕೇರಿಯವರು ಕೆರೆಗೆ ಇಳಿಯುವಂತಿಲ್ಲ. ನೀರು ಮೈಲಿಗೆಯಾಗುತ್ತದಂತೆ! ಅವಳು ಸೀಳಿ, ಉಜ್ಜಿ, ಹೆಣೆದ ಬಿದಿರು ಮಾತ್ರ ಮೈಲಿಗೆಯಲ್ಲ. ಎಂಥ ಜಾಣ ಮಡಿ ನೋಡಿ, ಬೇಕಾದಾಗ ಬಿಚ್ಚಿಡಬಹುದು.

ಮದುವೆಯಾಗಿ ಬಂದಾಗಿನಿಂದ ಅವಳು ಏರಿಯ ಮೇಲೆ ಕೂತು ಕಂಡದ್ದು ಇದನ್ನೇ. ಬೇಟೆ ಮುಗಿದ ಮೇಲೆ ಹೆಣೆದವಳ ಪಾಲು ಅಂತ ಒಂದು ಮೀನನ್ನು ದೂರದಿಂದಲೇ ಮುತ್ತುಗದ ಎಲೆಯ ಮೇಲೆ ಎಸೆಯುತ್ತಿದ್ದರು. ಎಷ್ಟೋ ಸಲ ಅದು ಎಲೆ ತಪ್ಪಿ ಮಣ್ಣಿಗೆ ಬೀಳುತ್ತಿತ್ತು. ತೊಳೆದು ಸಾರು ಮಾಡುತ್ತಿದ್ದಳು.

ಹಳೆಯ ಕಾಲದ ಮಾತಲ್ಲ ಇದು, ಏರಿಯ ಮೇಲಿದ್ದವರ ಕೈಯಲ್ಲೆಲ್ಲ ಮೊಬೈಲ್ ಇತ್ತು. ಈ ಬೇಸಿಗೆ ಕೆರೆಯ ಯಜಮಾನ ದ್ಯಾಮಪ್ಪ ಎಸೆದ ಮೀನು ಭರಮವ್ವನ ಮುಖಕ್ಕೇ ಬಡಿಯಿತು. ಜನ ಹೋ ಎಂದು ನಕ್ಕರು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು, ಪಕ್ಕದಲ್ಲಿದ್ದ ಕೂಳಿ ಎತ್ತಿಕೊಂಡು ನೀರಿಗೆ ಇಳಿದೇಬಿಟ್ಟಳು.

“ಏ ಭರಮಿ, ಎಲ್ಲಿಗಿ ಹೊಂಟಿ?” ದ್ಯಾಮಪ್ಪ ಒದರಿದ.

“ನನ್ನ ಕೂಳಿ ಇಳದ್ರ ನಡಿತೈತಿ, ನಾ ಇಳದ್ರ ಕೆರಿ ಬತ್ತತೈತೇನ್ರಿ?”

ಯಾರೂ ತಡೆಯಲಿಲ್ಲ. ತಡೆಯಬೇಕೆಂದರೆ ಅವಳನ್ನು ಮುಟ್ಟಬೇಕಲ್ಲ! ಕೆಸರಲ್ಲಿ ಕೂಳಿ ಒತ್ತಿದಳು, ತೋಳು ಇಳಿಬಿಟ್ಟಳು, ಒದ್ದಾಡುವ ದೊಡ್ಡ ಬಾಳೆಮೀನನ್ನು ಕಿವಿರು ಹಿಡಿದು ಎಳೆದಳು.

ದೊಡ್ಡ ಬಾಳೆಮೀನು ಯಾರಿಗೆ ಸಿಕ್ಕರೂ ಅದರ ತಲೆ ಯಜಮಾನನಿಗೆ ಸಲ್ಲಬೇಕು, ಅದು ಊರ ಕಟ್ಟಳೆ. ಭರಮವ್ವ ದಂಡೆಗೆ ಬಂದು, ಬಿದಿರು ಸೀಳುವ ಕತ್ತಿಯಿಂದ ಮೀನಿನ ತಲೆ ಕತ್ತರಿಸಿ, ಎರಡೂ ಕೈಯಲ್ಲಿ ಹಿಡಿದು ದ್ಯಾಮಪ್ಪನ ಮುಂದೆ ನಿಂತಳು.

“ತಗೋರಿ ಯಜಮಾನ್ರ, ನಿಮ್ಮ ಪಾಲು.”

“ಅಲ್ಲೇ ಎಲಿ ಮ್ಯಾಲ ಒಗಿ.”

“ಉಣ್ಣೂದನ್ನ ಒಗೀಬಾರ್ದರಿ. ನೀವು ಒಗದ್ರಿ, ನಾ ಒಗಿಯಂಗಿಲ್ಲ. ಕೈ ಚಾಚ್ರಿ.”

ಏರಿಯ ಮೇಲೆ ಈಗ ಯಾರೂ ನಗುತ್ತಿರಲಿಲ್ಲ. ದ್ಯಾಮಪ್ಪ ಮೀನಿನ ತಲೆ ನೋಡಿದ, ಅವಳ ಕೈ ನೋಡಿದ. ಅವನ ಕೈ ಬೆನ್ನ ಹಿಂದೆಯೇ ಉಳಿಯಿತು.

ಭರಮವ್ವ ಮೀನಿನ ಜೊತೆ ಅದರ ತಲೆಯನ್ನೂ ಸೆರಗಿಗೆ ಕಟ್ಟಿಕೊಂಡು ಮನೆಗೆ ನಡೆದಳು. ಆ ದಿನ ಊರಲ್ಲಿ ಕಟ್ಟಳೆಯ ಪಾಲಿಲ್ಲದೆ ಉಳಿದದ್ದು ಯಜಮಾನನ ಮನೆಯೊಂದೇ.